ಫೋಟೋ ಇಲ್ಲದ ಕಾರ್ಡು

ಷಡಕ್ಷರಿಯವರು ಪೆನ್‌ಡ್ರೈವನ್ನು ಕೀಬೋರ್ಡಿನ ಪಕ್ಕ ಇಟ್ಟರು. "ಒಂಬತ್ತು ಜನ ಅವ್ರೆ ಕಣವ್ವ ಇದ್ರೊಳಗ. ಒಬ್ರೂ ಬುಟ್ಟೋಗ್ಬಾರ್ದು. ನಂದು ಮಧ್ಯಕ್ಕ ಬರ್ಲಿ."

ಕೋಮಲ ತೆರೆದು ನೋಡಿದಳು. ಒಂಬತ್ತು ಮುಖಗಳು ಸಾಲಾಗಿ ಬಂದು ನಿಂತವು. ಒಬ್ಬರಿಗೆ ಪೇಟ, ಒಬ್ಬರಿಗೆ ಕಪ್ಪು ಕನ್ನಡಕ, ಇಬ್ಬರು ಯಾರದೋ ಮದುವೆಯಲ್ಲಿ ತೆಗೆಸಿಕೊಂಡದ್ದನ್ನೇ ಕತ್ತರಿಸಿ ಕೊಟ್ಟಿದ್ದರು.

"ಕಾರ್ಡು ಯಾವುದಕ್ಕೆ ಸಾರ್?"

"ಆನೇಗ."

ಹಿಂದಿನ ಮೇಜಿನಲ್ಲಿ ಮದುವೆ ಕಾರ್ಡುಗಳನ್ನು ಮಡಿಸುತ್ತಿದ್ದ ರಾಜಣ್ಣ ತಲೆ ಎತ್ತಿದ. ಪ್ರಿಂಟಿಂಗ್ ಅಂಗಡಿ ಅವನದು. "ಆನೇಗೂ ಇನ್ವಿಟೇಶನ್ ಕೊಡಕ್ ಸುರು ಮಾಡುದ್ರಾ ಸಾ? ಅದು ಕರೀದೆ ಬತ್ತದಲ್ಲ."

"ನಗಾಡ್ಬೇಡ ಕಣ್ಲಾ. ಮುಸುಕಿನ ಜೋಳ ಕಾಳು ಕಟ್ತಾ ಅದ. ಇನ್ನೇನ್ ಇಳ್ದವು ಅಂತ್ಲೇ ಲೆಕ್ಕ." ಷಡಕ್ಷರಿಯವರು ಕೋಮಲಳ ಕಡೆ ತಿರುಗಿದರು. "ಆನೆ ಕಾವಲು ಮುತ್ತಯ್ಯ ಫೋನ್ ಮಾಡ್ತಿದ್ದಂಗ, ಆಯಾ ಊರ ವಾಟ್ಸಾಪ್ ಗ್ರೂಪಿಗ ನಮ್ ರೈತ್ರು ಸಮಿತಿಯಿಂದ ಕಾರ್ಡ್ ಓಗ್ಬೇಕು. ಮಾದರಿ ಒಂದ್ ಮಾಡ್ಕೊಡು. ನಾಳ ಹನೂರಲ್ಲಿ ಮೀಟಿಂಗು, ಅಲ್ಗೇ ತಕಂಡ್ ಬಾ."

"ಆನೆ ಎಲ್ಲಿ ಬಂದಿದೆ ಅನ್ನೋದನ್ನ ಎಲ್ಲಿ ಹಾಕ್ಲಿ ಸಾರ್?"

"ಕೆಳಗ ಜಾಗ ಉಳೀತದಲ್ಲ, ಅಲ್ಲಿ."

ಮೆಟ್ಟಿಲು ಇಳಿಯುವಾಗ ಅವರು ಒಮ್ಮೆ ನಿಂತರು. ಏನೋ ನೆನಪಾದಂತೆ ತಿರುಗಿ, "ನಿಮ್ಮತ್ತ ಚೆಂದಾಗವ್ರಾ?" ಎಂದರು. ಕೋಮಲ ತಲೆಯಾಡಿಸಿದಳು. ಅವರು ಹೋದರು.

ಕೊಳ್ಳೇಗಾಲ ಬಸ್ ನಿಲ್ದಾಣದ ಹಿಂದಿನ ಬೀದಿಯ ಆ ಅಂಗಡಿಯಲ್ಲಿ ಒಳಗೆ ಬಂದ ಯಾವ ಕಾಗದಕ್ಕೂ ಒಂದೇ ಬಗೆಯ ಮೈಕಟ್ಟು. ಮೇಲೆ ದೇವರು, ದೇವರ ಕೆಳಗೆ ದೊಡ್ಡವರು, ದೊಡ್ಡವರ ಕೆಳಗೆ ಅವರ ಬಿರುದುಗಳು, ಅದೆಲ್ಲ ಮುಗಿದ ಮೇಲೆ ಹೇಳಬೇಕಾದ ಮಾತು. ಮದುವೆಯಾದರೂ ಅಷ್ಟೇ, ರಕ್ತದಾನ ಶಿಬಿರವಾದರೂ ಅಷ್ಟೇ. ಮೈಸೂರಿನಲ್ಲಿ ಪತ್ರಿಕೋದ್ಯಮ ಓದುವಾಗ ಕೋಮಲಳಿಗೆ ಪುಟ ಕಟ್ಟುವುದನ್ನು ಕಲಿಸಿದ್ದರು. ಅಕ್ಷರವನ್ನು ಎಳೆದು ಅಗಲ ಮಾಡಬೇಡಿ, ಚಿತ್ರದ ಮೇಲೆ ಅಕ್ಷರ ಕೂರಿಸಬೇಡಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಉಸಿರಾಡಲು ಜಾಗ ಬಿಡಿ. ಇಲ್ಲಿಗೆ ಬಂದ ಮೊದಲ ವಾರ ಅವಳು ಹಾಗೆ ಜಾಗ ಬಿಟ್ಟಿದ್ದಕ್ಕೆ ರಾಜಣ್ಣ, "ಇದೇನವ್ವ, ಸೈಟ್ ಖಾಲಿ ಬುಟ್ಟಿದ್ದೀ? ಮಾರಕ್ಕಾ?" ಎಂದು ಕೇಳಿದ್ದ. ಆಮೇಲೆ ಅವಳು ಕೇಳಿದ್ದನ್ನು ಕೇಳಿದ ಹಾಗೆ ಮಾಡಿಕೊಟ್ಟಿದ್ದಳು. ಕೈ ಆಡುತ್ತಿದ್ದರೆ ಸಾಕಾಗಿತ್ತು.

ಈ ಕಾರ್ಡನ್ನು ಮಾತ್ರ ಹಾಗೆ ಮಾಡಿಕೊಡುವಂತಿರಲಿಲ್ಲ.

ಕಳೆದ ಸಂಕ್ರಾಂತಿಯ ವಾರ, ಕಾಡಂಚಿನ ಹೂಗ್ಯಂನಲ್ಲಿ, ಅವಳ ಗಂಡ ಶಾಂತರಾಜು ಇನ್ನೂ ಮಬ್ಬು ಇರುವಾಗಲೇ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದ. ದಾರಿ ಕೆರೆ ಏರಿಯ ಮೇಲೆ. ಆನೆಯೂ ಏರಿಯ ಮೇಲೇ ಇತ್ತು. ಅದು ಅಲ್ಲಿದೆ ಎಂಬ ಕಾರ್ಡು ಅವನು ಮನೆ ಬಿಡುವ ಮೊದಲೇ ಊರ ಗ್ರೂಪಿಗೆ ಬಂದಿತ್ತು. ಅವನು ನೋಡಿಯೂ ಇದ್ದ. ಸಮಿತಿಯ ಯಾರೋ ಫೋನಿನಲ್ಲೇ ಕೂಡಿಸಿದ್ದ ಕಾರ್ಡು: ಸುತ್ತ ಚೆಂಡು ಹೂವಿನ ಅಂಚು, ಮೇಲೆ ಅಂಬಾರಿ ಹೊತ್ತ ದಸರಾ ಆನೆ, ಅದರ ಕೆಳಗೆ ದುಂಡಗೆ ಕತ್ತರಿಸಿದ ಮುಖಗಳು. ಏರಿಯ ಮಾತು ಎಲ್ಲಕ್ಕಿಂತ ಕೆಳಗೆ, ತಿಳಿ ಆಕಾಶದ ಮೇಲೆ ಬಿಳಿ ಅಕ್ಷರದಲ್ಲಿತ್ತು. ಆ ವಾರವಿಡೀ ಗ್ರೂಪಿಗೆ ಬಂದದ್ದು ಹಬ್ಬದ ಶುಭಾಶಯಗಳೇ. ಇದೂ ಅಂಥದೇ ಎಂದು ಊರಿಗೆ ಊರೇ ಕೈ ಮುಗಿಯಿತು. ಶಾಂತರಾಜುವೂ ಕೈ ಮುಗಿದ ಚಿತ್ರವೊಂದನ್ನು ಒತ್ತಿ, ಫೋನನ್ನು ಜೇಬಿಗೆ ಹಾಕಿ, ಕ್ಯಾನು ಎತ್ತಿಕೊಂಡಿದ್ದ.

ಹನ್ನೊಂದನೆಯ ದಿನ ಕಳೆದ ಮೇಲೆ ಅಣ್ಣ ಬಂದು ಕೋಮಲಳನ್ನು ಯಳಂದೂರಿನ ತವರಿಗೆ ಕರೆದೊಯ್ದ. ಅತ್ತೆ ದೊಡ್ಡಬಸಮ್ಮ ಬರಲಿಲ್ಲ. "ಅಸ ಕರೆಯೋರ್ ಯಾರು? ನೀನ್ ಓಗಮ್ಮಿ," ಎಂದಳು. ಈಗ ಅದೇ ಕ್ಯಾನು ಹಿಡಿದು ಅದೇ ಏರಿಯ ಮೇಲೆ ಹೋಗುವವಳು ಅವಳು. ಸ್ಕೂಲಿನ ಕಡೆಯ ದಾರಿ ಸುತ್ತು, ಅಷ್ಟರಲ್ಲಿ ಹಾಲಿನ ಗಾಡಿ ಹೊರಟುಬಿಡುತ್ತದೆ. ಬೇಡ ಎಂದು ಕೋಮಲ ಎಷ್ಟೋ ಸಲ ಹೇಳಿದ್ದಳು. ಹೇಳಿದಾಗೆಲ್ಲ ದೊಡ್ಡಬಸಮ್ಮ ಹಸುವಿನ ವಿಚಾರ ಎತ್ತುತ್ತಿದ್ದಳು.

ಕೋಮಲ ಕುರ್ಚಿಯಿಂದ ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಮೇಜಿನ ಕೆಳಗೆ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಆನೆ ಚಿತ್ರ ಬೇಕಾದ್ರೆ ನನ್ ಸಿಸ್ಟಮಲ್ಲಿ ಅದ ಕಣವ್ವ," ಎಂದ ರಾಜಣ್ಣ. "ಅಂಬಾರಿದೇ."

"ಬೇಡ ರಾಜಣ್ಣ. ಅಂಬಾರಿ ಆನೆ ಕಂಡ್ರೆ ಜನ ಕೈ ಮುಗೀತಾರೆ."

ರಾಜಣ್ಣ ಮದುವೆ ಕಾರ್ಡುಗಳ ಕಡೆಗೆ ತಿರುಗಿದ.

ಅವಳು ಒಂಬತ್ತು ಮುಖಗಳನ್ನೂ ಪಕ್ಕಕ್ಕಿಟ್ಟು ತಾನು ಕಲಿತ ಹಾಗೆ ಮೊದಲ ಕಾರ್ಡು ಮಾಡಿದಳು. ಬಿಳಿ ಹಾಳೆ. ಒಂದೇ ಫಾಂಟು. ಕಪ್ಪು ಅಕ್ಷರ. ಮೇಲೆ 'ಎಚ್ಚರಿಕೆ', ಸ್ವಲ್ಪ ಜಾಗ ಬಿಟ್ಟು ಎರಡು ಸಾಲು. ನೆರಳಿಲ್ಲ, ಹೊಳಪಿಲ್ಲ, ಹೂವಿಲ್ಲ. ಪುಸ್ತಕದ ಪುಟದಷ್ಟು ಶಾಂತವಾಗಿತ್ತು. ನೋಡಿ ಮನಸ್ಸಿಗೆ ಹಿತವೆನಿಸಿತು. ಅದನ್ನು ಅತ್ತೆಯ ಫೋನಿಗೆ ಕಳಿಸಿದಳು.

ಐದು ನಿಮಿಷವೂ ಆಗಿರಲಿಲ್ಲ, ಫೋನು ಬಂತು.

"ಯಾರ್ ಓದ್ರಮ್ಮಿ?" ದೊಡ್ಡಬಸಮ್ಮನ ದನಿ ನಡುಗುತ್ತಿತ್ತು. "ನಿಮ್ಮಪ್ಪಾಜಿ ಚೆಂದಾಗವ್ರಾ? ಯೋಳು, ಮುಚ್ಚಿಡ್ಬೇಡ."

"ಯಾರೂ ಹೋಗಿಲ್ಲ ಅತ್ತೆ. ಏನಾಯ್ತು?"

"ಮತ್ತ ಈ ಸಾವಿನ್ ಕಾರ್ಡ್ ಯಾರ್ದು? ಬೆಳ್ಳಗ ಅದ, ಮ್ಯಾಲ ಕರ್ರಗ ಒಂದ್ ಗೀಟು. ಪಕ್ಕದ್ ಮನ ಶಿವರತ್ನಮ್ಮನೂ ನೋಡ್ದಳು. ಆಗ್ಲೇ ಅಳಕ್ ಕೂತವ್ಳೆ ಇಲ್ಲಿ."

"ಅದನ್ನ ಒತ್ತಿ ತೆಗೆದು ಓದಿದ್ರಾ?"

"ಯಾಕ ತೆಗೀಬೇಕು? ಹಂಗೇ ಕಾಣ್ತದಲ್ಲ."

ಹೂಗ್ಯಂನಲ್ಲಿ ಸಿಗ್ನಲ್ ಎಳೆಯಷ್ಟು ತೆಳು. ಯಾವ ಚಿತ್ರವೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಒತ್ತುವ ತನಕ ಮಂಜು ಕವಿದಂತೆ ಮಸುಕಾಗಿರುತ್ತದೆ. ಜನ ಆ ಮಸುಕನ್ನೇ ನೋಡಿ ತೀರ್ಮಾನ ಮಾಡುತ್ತಾರೆ. ಹಳದಿ ಕೆಂಪಾದರೆ ಹಬ್ಬ, ಕೈ ಮುಗಿ. ಕಪ್ಪು ಬಿಳುಪಾದರೆ ಸಾವು, ಫೋನು ಮಾಡಿ ಕೇಳು. ಅವಳ ಶಾಂತವಾದ ಪುಟ ದೊಡ್ಡಬಸಮ್ಮನ ಅಂಗೈಯಲ್ಲಿ ಯಾರದೋ ಶ್ರದ್ಧಾಂಜಲಿಯಾಗಿತ್ತು.

ಸಂಜೆ ಯಳಂದೂರಿನ ಬಸ್ಸಿನಲ್ಲಿ ಅವಳಿಗೆ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಕಂಬಿ ಹಿಡಿದು ನಿಂತೇ ಹೋದಳು. ಮನೆಯಲ್ಲಿ ಅತ್ತಿಗೆ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದಾಗ ಅಣ್ಣ, "ಒಂದ್ ಕಾರ್ಡಿಗ್ ಯಾಕ ಇಷ್ಟ್ ಒದ್ದಾಟ? ಅವ್ರ್ ಕೇಳ್ದಂಗ್ ಮಾಡ್ಕೊಟ್ಟು ಬಾ," ಎಂದ. ಅವಳು ಕೈ ತೊಳೆದು ಹೊರಗೆ ಬಂದಳು. ಅಕ್ಷರ ದೊಡ್ಡದು ಮಾಡಬಹುದು. ಬಣ್ಣ ಬದಲಿಸಬಹುದು. ಆದರೆ ಒತ್ತದೆಯೇ ಕಾಣಬೇಕು. ಓದಬೇಕು ಅನ್ನಿಸುವ ಮೊದಲೇ ಓದಿ ಮುಗಿದಿರಬೇಕು. ಅಂಥದ್ದನ್ನು ಅತ್ತೆ ಏನು ಓದುತ್ತಾಳೆ? ಗಂಜಿಪುಡಿ ಪೊಟ್ಟಣದಿಂದ ಗೋಡೆ ಕ್ಯಾಲೆಂಡರಿನವರೆಗೆ ಒಂದೊಂದನ್ನೇ ನೆನೆದಳು. ಯಾವುದೂ ಹೊಂದಲಿಲ್ಲ.

ಬೆಳಗ್ಗೆ ಕೊಳ್ಳೇಗಾಲ ನಿಲ್ದಾಣದಲ್ಲಿ ಇಳಿದು ದಾಟುತ್ತಿದ್ದಳು. ಕಲ್ಲುಬೆಂಚಿನ ಮೇಲೆ ನಾಲ್ಕೈದು ಹೆಂಗಸರು ಚೀಲಗಳ ನಡುವೆ ಕೂತು ಎಲೆ ಅಡಿಕೆ ಹಾಕುತ್ತ ಜೋರಾಗಿ ಯಾರನ್ನೋ ಬೈಯುತ್ತಿದ್ದರು. ಬಸ್ಸೊಂದು ಗೇಟಿನಲ್ಲಿ ಇನ್ನೂ ತಿರುಗುತ್ತಿತ್ತು. ಗಾಜಿನ ತುಂಬ ಧೂಳು, ಎದುರಿಗೆ ಬಿಸಿಲು. ಬೈಗುಳ ನಡುವೆಯೇ ನಿಂತಿತು. ಹೆಂಗಸರೆಲ್ಲ ಒಟ್ಟಿಗೆ ಎದ್ದು ಚೀಲ ಎತ್ತಿಕೊಂಡರು.

ಕೋಮಲ ಬಸ್ಸಿನ ಕಡೆ ನೋಡಿದಳು. ಗಾಜಿನ ಹಿಂದೆ ಕರಿ ಹಲಗೆ, ಅದರ ಮೇಲೆ ಹಳದಿಯಲ್ಲಿ ದಪ್ಪಗೆ 'ಹೂಗ್ಯಂ'. ಹನೂರು, ರಾಮಾಪುರ ಅದರ ಕೆಳಗೆ ಚಿಕ್ಕದಾಗಿದ್ದವು. ಬಸ್ಸಿನ ಒಡೆಯ ಯಾರು, ಡ್ರೈವರ್ ಯಾರು, ಅದರ ಮೇಲೆ ಒಂದು ಮಾತೂ ಇಲ್ಲ.

ಕೊನೆಯಲ್ಲಿದ್ದ ಮುದುಕಿಯ ಬುಟ್ಟಿಗೆ ಕೈ ಹಾಕಿ ಎತ್ತಿಕೊಡುತ್ತ ಕೇಳಿದಳು, "ಅಷ್ಟ್ ದೂರದಿಂದ ಹೆಂಗವ್ವ ಓದುದ್ರಿ?"

"ಓದಾದೇನವ್ವ, ನಂಗೇನ್ ಇಸ್ಕೂಲ್ ಕಂಡದಾ?" ಮುದುಕಿ ನಕ್ಕಳು. "ನಮ್ಮೂರು ಕಾಣ್ತದ, ಎದ್ದಿ. ಅಷ್ಟೇಯ."

ಕೋಮಲ ಓಡಿದಳು. ಅಂಗಡಿಯ ಬಾಗಿಲು ಆಗಷ್ಟೇ ತೆಗೆಯುತ್ತಿದ್ದ ರಾಜಣ್ಣನನ್ನು ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದಳು. ಕಪ್ಪು ನೆಲ. ಹಳದಿ ಅಕ್ಷರ. 'ಎಚ್ಚರಿಕೆ' ತೆಗೆದಳು. 'ಸಾರ್ವಜನಿಕರಲ್ಲಿ ವಿನಂತಿ' ಎಂಬ ಮಾಮೂಲಿ ಸಾಲನ್ನು ಹಾಕಲೇ ಇಲ್ಲ. ಆನೆ ನಿಂತ ಜಾಗವೊಂದೇ, ಕಾರ್ಡಿನ ಅಗಲಕ್ಕೂ. ಅದರ ಕೆಳಗೆ ಚಿಕ್ಕದಾಗಿ 'ಆನೆ ಇದೆ', ಪಕ್ಕದಲ್ಲಿ ಹೊತ್ತು. ಅಕ್ಷರವನ್ನು ಎಳೆಯಲಿಲ್ಲ, ದಪ್ಪ ಇರುವ ಫಾಂಟನ್ನೇ ಹುಡುಕಿದಳು. ಬೇರೆ ಊರುಗಳ ಜಾಗಗಳನ್ನೂ ಹಾಕಿ ನೋಡಿದಳು. 'ಟ್ಯಾಂಕ್ ಹತ್ತಿರ' ಎಂದಾಗ ಒತ್ತಕ್ಷರ ಕೆಳಗಿನ ಸಾಲಿಗೆ ತಗುಲಿತು. ಕೆಳಗಿನದನ್ನು ಇನ್ನಷ್ಟು ಇಳಿಸಿದಳು. ಆಮೇಲೆ ಇಡೀ ಕಾರ್ಡನ್ನು ಗ್ರೂಪಿನಲ್ಲಿ ಕಾಣುವಷ್ಟಕ್ಕೇ ಕುಗ್ಗಿಸಿ, ಬೇಕೆಂದೇ ಮಸುಕು ಮಾಡಿ, ಫೋನಿಗೆ ಹಾಕಿ ರಾಜಣ್ಣನ ಕೈಗೆ ಕೊಟ್ಟಳು.

"ಎದುರಿನ ಟೀ ಅಂಗಡೀಲಿ ನಿಂತ್ಕೊಂಡು ನನ್ ಕಡೆ ಹಿಡೀರಿ."

"ನಂಗ್ ಬೇರ ಕೆಲ್ಸ ಇಲ್ವಾ?" ಎನ್ನುತ್ತಲೇ ಅವನು ರಸ್ತೆ ದಾಟಿದ. ಫೋನನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದ.

'ಕೆರೆ ಏರಿ' ಅವಳಿಗೆ ಅಲ್ಲಿಂದಲೇ ಕಂಡಿತು.

ಟೀ ಸೋಸುತ್ತಿದ್ದವನಿಗೂ ಕಂಡಿತು. "ಕೆರೆ ಏರೀಗ್ ಯಾವಾಗಣ್ಣ ಬಸ್ ಬುಟ್ಟದ್ದು?" ಎಂದ.

ಹನೂರಿನಲ್ಲಿ ಸಮಿತಿಯವರು ಸೇರಿದ್ದು ಒಂದು ಗೊಬ್ಬರದ ಮಳಿಗೆಯ ಮಹಡಿಯ ಮೇಲೆ. ಪೆನ್‌ಡ್ರೈವಿನಲ್ಲಿದ್ದ ಒಂಬತ್ತರಲ್ಲಿ ಏಳು ಮುಖಗಳು ಬಂದಿದ್ದವು. ಮೂಲೆಯಲ್ಲಿ, ಬಾಗಿಲ ಹತ್ತಿರ, ಕಾವಲು ಮುತ್ತಯ್ಯ ನಿಂತಿದ್ದ. ಕೋಮಲ ಕಾರ್ಡಿನ ಪ್ರಿಂಟನ್ನು ಮೇಜಿನ ಮೇಲಿಟ್ಟಳು.

ಷಡಕ್ಷರಿಯವರು ಅದನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇದೇನವ್ವ, ಬಸ್ ಬೋರ್ಡು?"

"ಹೂಂ ಸಾರ್. ಒತ್ತಿ ತೆಗೀದೇನೇ ಕಾಣ್ಲಿ ಅಂತ."

"ನಾವೆಲ್ಲವ್ವ?"

"ಇಲ್ಲ ಸಾರ್."

"ಇಲ್ಲ ಅಂದ್ರ?" ಪೇಟದವರು ಮುಂದೆ ಬಾಗಿದರು. ಇವತ್ತು ಪೇಟ ಇರಲಿಲ್ಲ. "ಸಮಿತಿ ಕಾರ್ಡು ಅಂತ ಜನಕ್ ಗೊತ್ತಾಗದ್ ಬ್ಯಾಡ್ವಾ? ಓದ್ ವರ್ಷ ಎಲ್ರೂ ಇದ್ದೋ. ಈ ವರ್ಷ ಕಾಣ್ನಿಲ್ಲ ಅಂದ್ರ ಸಮಿತಿ ಒಡ್ದೋಯ್ತು ಅಂತಾರ ಅಷ್ಟೇಯ."

"ಸಣ್ಣಕ್ಕಾದ್ರೂ ಆಕು," ಎಂದರು ಇನ್ನೊಬ್ಬರು. "ಸುತ್ತ ಅಂಚಿಗ, ಮಣಿ ಪೋಣಿಸ್ದಂಗ."

"ಸಣ್ಣಕ್ ಹಾಕುದ್ರೂ ಕಣ್ಣು ಮುಖದ ಕಡೇಗೇ ಹೋಗುತ್ತೆ ಸಾರ್. ಅಕ್ಷರ ಆಮೇಲೆ. ಆಮೇಲೆ ಅನ್ನೋಷ್ಟು ಹೊತ್ತು ಇರಲ್ಲ."

ಅವಳು ಅಷ್ಟೇ ಹೇಳಿದಳು. ದನಿ ಏರಿರಲಿಲ್ಲ. ಆದರೂ ಸಂಕ್ರಾಂತಿಯ ವಾರ ಆ ಕೋಣೆಯೊಳಕ್ಕೆ ಬಂದು ಕೂತಂತಾಯಿತು. ಯಾರೋ ಕೆಮ್ಮಿದರು. ಷಡಕ್ಷರಿಯವರು ಪ್ರಿಂಟಿನ ಅಂಚನ್ನು ಉಗುರಿನಿಂದ ತಿಕ್ಕಿದರು. ಕೆಟ್ಟ ಮನುಷ್ಯರಲ್ಲ. ಶಾಂತರಾಜುವಿನ ಮಣ್ಣಿಗೆ ಮೊದಲು ಬಂದವರು ಅವರೇ, ಕೊನೆಯಲ್ಲಿ ಎದ್ದವರೂ ಅವರೇ.

"ಒಂದ್ ಕೆಲ್ಸ ಮಾಡವ್ವ," ಎಂದರು ಮೆಲ್ಲಗೆ. "ಮೂಲೇಲಿ ಶಾಂತರಾಜು ಫೋಟೋನೂ ಆಕು. ನಮ್ ಜೊತಗ ಅವ್ನೂ ಇರ್ಲಿ. ಜನ ನೆನ್ಸ್ಕಂಡಂಗೂ ಆಯ್ತದ."

ಕೋಮಲಳ ಕೈ ತಾನಾಗಿ ಫೋನಿನ ಮೇಲೆ ಹೋಯಿತು. ಫೋಟೋ ಇತ್ತು. ಹಟ್ಟಿಯ ಮುಂದೆ, ಕರು ಹಿಡಿದುಕೊಂಡು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ನಿಂತದ್ದು. ಕಪ್ಪು ನೆಲದ ಬಲ ಮೂಲೆಯಲ್ಲಿ ಅದು ಚೆನ್ನಾಗಿಯೇ ಕೂರುತ್ತಿತ್ತು. ಪ್ರತಿ ಬೆಳಗ್ಗೆ ಊರಿಗೆ ಊರೇ ಅವನನ್ನು ನೋಡುತ್ತಿತ್ತು. ಎಷ್ಟು ದೊಡ್ಡದಿರಬೇಕು, ಅಂಚಿನಿಂದ ಎಷ್ಟು ಬಿಡಬೇಕು, ಎಲ್ಲವನ್ನೂ ಅವಳ ಕಣ್ಣು ಅಳೆದು ಮುಗಿಸಿಬಿಟ್ಟಿತು.

"ಬೇಡ ಸಾರ್," ಎಂದಳು.

"ಯಾಕವ್ವ?"

"ಅವ್ರ ಫೋಟೋ ಇದ್ರೆ ನಮ್ಮತ್ತೆ ಅದನ್ನೇ ನೋಡ್ತಾ ನಿಂತ್ಬಿಡ್ತಾರೆ. ಕಣ್ಣು ಕೆಳಕ್ಕೆ ಇಳಿಯಲ್ಲ. ಕ್ಯಾನು ಎತ್ಕೊಂಡು ಹೊರಟ್ಬಿಡ್ತಾರೆ."

ಗಂಡನನ್ನೇ ಬೇಡ ಎಂದವಳ ಮುಂದೆ ತನ್ನ ಮುಖ ಬೇಕು ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ರಾಮಾಪುರ ರಾಮಾಪುರ ಎಂದು ಕೂಗುತ್ತಿದ್ದ. ಷಡಕ್ಷರಿಯವರು ಪ್ರಿಂಟನ್ನು ಮೇಜಿನ ನಡುವೆ ತಳ್ಳಿದರು.

ಬಾಗಿಲ ಹತ್ತಿರದಿಂದ ಮುತ್ತಯ್ಯ ಗಂಟಲು ಸರಿ ಮಾಡಿಕೊಂಡ. "ಸಾ, ನಾನೊಂದ್ ಯೋಳ್ಲಾ? ಆನೆ ಬಂದಾಗ ಈ ಬೋರ್ಡ್ ಓಗ್ಲಿ. ಆನೆ ಕಾಡಿಗ್ ವಾಪಸ್ ಓದ್ ಮ್ಯಾಲ ಇನ್ನೊಂದ್ ಕಾರ್ಡ್ ಓಗ್ಲಿ. ಆನೆ ಓಯ್ತು, ಈಗ ಓಡಾಡಿ ಅಂತ. ಅದ್ರಲ್ಲಿ ತಾವೆಲ್ರೂ ಇರಿ. ಜನಕ್ಕೂ ಪುರುಸೊತ್ತಿರ್ತದ, ಕೂತ್ಕಂಡ್ ನೋಡ್ತಾರ."



"ಅಂದ್ರ, ಆನೆ ಓಡ್ಸುದ್ದು ನಾವೇ ಅಂತ ಆಯ್ತದ," ಎಂದರು ಪೇಟದವರು. ಮುಖ ಅರಳಿತ್ತು.

"ಅದ್ಕ ಅಂಬಾರಿ ಬೇಕಾದ್ರ ಇರ್ಲಿ," ಎಂದರು ಷಡಕ್ಷರಿಯವರು. "ಆಯ್ತದೇನವ್ವ?"

"ಆಯ್ತದೆ ಸಾರ್. ಹೂವಿನ ಅಂಚೂ ಹಾಕ್ತೀನಿ," ಎಂದಳು ಕೋಮಲ.

ಆನೆಗಳು ಇಳಿದದ್ದು ಮುಂದಿನ ವಾರ. ಯಳಂದೂರಿನ ಮನೆಯಲ್ಲಿ ಕೋಮಲಳಿಗೆ ಈಗೀಗ ಕೋಳಿ ಕೂಗುವ ಮೊದಲೇ ಎಚ್ಚರವಾಗುತ್ತಿತ್ತು. ಆ ದಿನ ಹಾಸಿಗೆಯಲ್ಲೇ ಫೋನು ತೆರೆದಾಗ ಹೂಗ್ಯಂ ಗ್ರೂಪಿನಲ್ಲಿ ಕಪ್ಪು ಕಾರ್ಡು ಬಂದಿತ್ತು.

ಕೆರೆ ಏರಿ.

ಅತ್ತೆಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಇದು ದೊಡ್ಡಬಸಮ್ಮ ಹಾಲು ಕರೆದು ಹೊರಡುವ ಹೊತ್ತು. ಶಿವರತ್ನಮ್ಮನಿಗೆ ಮಾಡಿದಳು, ಸ್ವಿಚ್ ಆಫ್. ಅಂಗಳಕ್ಕೆ ಬಂದಳು, ಒಳಗೆ ಹೋದಳು, ಮತ್ತೆ ಅಂಗಳಕ್ಕೆ ಬಂದಳು. ಕಾರ್ಡಿನ ಕೆಳಗೆ ಯಾರೂ ಕೈ ಮುಗಿದಿರಲಿಲ್ಲ. ಅದು ಒಳ್ಳೆಯದಕ್ಕೋ, ಯಾರೂ ನೋಡಿಯೇ ಇಲ್ಲವೋ ತಿಳಿಯಲಿಲ್ಲ. ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಬೇಕಿತ್ತೇ? ಹಳದಿ ಬಿಟ್ಟು ಬಿಳಿ ಹಾಕಬೇಕಿತ್ತೇ? 'ಆನೆ' ಅನ್ನುವುದನ್ನೇ ಮೇಲೆ ಹಾಕಬೇಕಿತ್ತೇ? ಎದ್ದು ಬಂದ ಅಣ್ಣ ಅವಳ ಮುಖ ನೋಡಿ ಏನೂ ಕೇಳದೆ ಬೈಕಿನ ಕೀಲಿ ತಂದ. ಅಷ್ಟು ದೂರ ಬೈಕಿನಲ್ಲಿ ಹೋಗಿ ಏನು ಮಾಡುವುದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಅವಳು ಚಪ್ಪಲಿ ಮೆಟ್ಟಿದಳು.

ಬೈಕು ಅಂಗಳ ಬಿಡುವ ಮೊದಲೇ, ಬೆಳಕು ಹರಿಯುವಷ್ಟರಲ್ಲಿ, ಫೋನು ಬಂತು.

"ಏನಮ್ಮಿ ನಿನ್ ಬೋರ್ಡು!" ದೊಡ್ಡಬಸಮ್ಮ ಹಲೋ ಅನ್ನಲೂ ಬಿಡಲಿಲ್ಲ. "ಕ್ಯಾನ್ ಎತ್ಕಂಡ್ ಒಸ್ಲು ದಾಟಿದ್ದಿ. ಟೈಮ್ ಎಷ್ಟು ಅಂತ ಫೋನ್ ನೋಡುದ್ರ, ಕೆರೆ ಏರಿ! ಕನ್ನಡ್ಕನೂ ಆಕಿಲ್ಲ, ಒತ್ತೂ ಇಲ್ಲ, ಕಣ್ಣಿಗ್ ಬಂದು ಬಡೀತು. ಸುತ್ಕಂಡ್ ಓಗಾವ ಅಂತ ಸ್ಕೂಲ್ ದಾರೀಗ ಓದಿ. ಓಗಷ್ಟ್ರಲ್ಲಿ ಗಾಡಿ ಬುಟ್ಟೋಗದ. ಇಷ್ಟ್ ಹಾಲ್ನ ಈಗ ಯಾರ್ ತಲ ಮ್ಯಾಲ ಉಯ್ಲಿ?"

"ಫೋನ್ ಯಾಕೆ ಎತ್ತಲಿಲ್ಲ ಅತ್ತೆ?"

"ಒಂದ್ ಕೈಲಿ ಕ್ಯಾನು, ಇನ್ನೊಂದ್ ಕೈಲಿ ಸೀರೆ. ಫೋನ್ನ ಬಾಯಲ್ ಎತ್ಲಾ?"

"ಆನೆ ಬಂದಿತ್ತಾ?"

"ಬಂದಿತ್ತೋ ಇಲ್ವೋ ನಾನ್ಯಾಕ ನೋಡಾಕ್ ಓಗ್ಲಿ? ಬಂದಿರ್ನಿಲ್ಲ ಅಂದ್ರ ಮಾತ್ರ ಆ ಮುತ್ತಯ್ಯನ್ನ ಸುಮ್ಕ ಬುಡಾಕಿಲ್ಲ." ಅವಳು ಒಮ್ಮೆ ಉಸಿರೆಳೆದುಕೊಂಡಳು. "ಎಪ್ಪಾಕಿ ಮೊಸರ್ ಮಾಡಿ ಮಡ್ಗುತೀನಿ ಎಲ್ಲಾ ಹಾಲ್ನೂವ. ಸಂಜ ಬಸ್ಗ ಬಾ. ಮಜ್ಗೆ ಕುಡ್ದು ಕುಡ್ದು ಸಾಯಿ."

ಫೋನು ಕಟ್ಟಾಯಿತು. ಕೋಮಲ ಜಗುಲಿಯ ಮೇಲೆ ಕೂತಳು. ಕೂತ ಮೇಲೆ ಕಾಲು ಕುಣಿಯುತ್ತಿಲ್ಲ ಎಂಬುದು ಗಮನಕ್ಕೆ ಬಂತು. ಅಣ್ಣ ಕೀಲಿಯನ್ನು ಮೊಳೆಗೆ ತಗುಲಿ ಹಾಕಿದ.

ಕಾಫಿ ಕುಡಿದು ಲೋಟ ಕೆಳಗಿಡುವಾಗ ಗ್ರೂಪಿಗೆ ಎರಡನೆಯ ಕಾರ್ಡು ಬಂತು. ಚೆಂಡು ಹೂವಿನ ಅಂಚು, ಅಂಬಾರಿ, ಒಂಬತ್ತು ಮುಖಗಳು, ನಡುವೆ ಷಡಕ್ಷರಿಯವರು. ಅವಳು ಮಾಡಿಕೊಟ್ಟದ್ದಕ್ಕೆ ಹನೂರಿನಲ್ಲಿ ಯಾರೋ ಇನ್ನೆರಡು ಸಾಲು ಬಿರುದು ಸೇರಿಸಿದ್ದರು. ಜಾಗ ಸಾಲದೆ ಸಾಲುಗಳು ಒಂದರ ಮೇಲೊಂದು ಏರಿ ಒತ್ತಕ್ಷರಗಳೆಲ್ಲ ಕೆಳಗಿನವರ ತಲೆಗೆ ಬಡಿಯುತ್ತಿದ್ದವು. ಅದರ ಕೆಳಗೆ ಊರಿನವರ ಕೈಗಳು ಒಂದೊಂದೇ ಮುಗಿಯತೊಡಗಿದವು. ಶಿವರತ್ನಮ್ಮ ಮುಗಿದಳು. ಸ್ವಲ್ಪ ಹೊತ್ತಿಗೆ ದೊಡ್ಡಬಸಮ್ಮನೂ ಮುಗಿದಳು.

ಸರಿಮಾಡಿ ಕಳಿಸಲೇ ಎಂದು ಕೋಮಲ ಒಮ್ಮೆ ಯೋಚಿಸಿದಳು. ಇರಲಿ ಎಂದುಕೊಂಡು, ಕೊಳ್ಳೇಗಾಲದ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.